ಅಮ್ಮನ ವರಹ

ಅಮ್ಮ ಪ್ರತಿ ಶುಕ್ರವಾರ ಕುಂಕುಮ ಹಚ್ಚಿ ಪೂಜಿಸುತ್ತಿದ್ದ ವಿಜಯನಗರ ಕಾಲದ ಚಿನ್ನದ ವರಹವನ್ನು ಅವಳಿಗೆ ಹೇಳದೆ ಸೂರತ್‌ಗೆ ಒಯ್ದಿದ್ದೆ. ಅಲ್ಲಿ ನಾಣ್ಯ ಸಂಗ್ರಹಿಸುವ ಗೆಳೆಯನಿಗೆ ತೋರಿಸುವ ಚಪಲ. ಅವನು ಊರಲ್ಲೇ ಇರಲಿಲ್ಲ. ಆಗಷ್ಟೇ ಚಿನ್ನದ ಕಾನೂನು ಬಂದಿತ್ತು. ಒಡವೆಯಲ್ಲದ ಚಿನ್ನವಿದ್ದರೆ ಸರ್ಕಾರಕ್ಕೆ ಲೆಕ್ಕ ಬರೆದುಕೊಡಬೇಕು, ನಾವು ಕೊಟ್ಟಿರಲಿಲ್ಲ.

ಕೆಲಸದ ಮೇಲೆ ನಾವು ನೆಲೆಸಿದ್ದ ಅಹಮದಾಬಾದಿಗೆ ವಾಪಸು ಬರುವ ರೈಲಿನಲ್ಲಿ ಖಾಕಿ ತೊಟ್ಟ ಅಧಿಕಾರಿಯೊಬ್ಬ ಎದುರಿಗೇ ಕೂತ. ನನ್ನ ಕೈ ಸುಮ್ಮನಿರದೆ ಜೇಬು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಭರೂಚ್ ದಾಟಿದ ಮೇಲೆ ಆತ ಕೇಳಿಯೇಬಿಟ್ಟ: “ಜೇಬ್ ಮೇ ಕ್ಯಾ ಹೈ, ಭಾಯಿ?”

ಕೆಲಸ ಹೋಯಿತು, ಇನ್ನು ಜೈಲೇ ಗತಿ ಅಂದುಕೊಂಡು ವರಹ ತೆಗೆದುಕೊಟ್ಟೆ. ಆತ ಚೀಲದಿಂದ ಭೂತಗನ್ನಡಿ ತೆಗೆದು ಅದರ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದ.

“ನನಗೂ ನಾಣ್ಯದ ಹುಚ್ಚು,” ಎಂದು ಹಿಂದಿಯಲ್ಲೇ ಹೇಳಿದ. “ಅಸಲಿ ವರಹವನ್ನು ಅಚ್ಚಿಗಿಟ್ಟು ಬಡಿಯುತ್ತಿದ್ದರು. ಇದು ಎರಕ. ಅಂಚಿನ ಸುತ್ತ ಎರಕದ ಎರಡು ಅಚ್ಚು ಕೂಡಿದ ಗೆರೆ ಕಾಣಿಸುತ್ತಲ್ಲ? ಹಿತ್ತಾಳೆಗೆ ಚಿನ್ನದ ಗಿಲೀಟು. ಹೆದರಬೇಡಿ, ಇಟ್ಟುಕೊಳ್ಳಿ.”

ಮೋಸ ಹೋದದ್ದು ತಿಳಿದು ದೇವರಿಗೆ ಕೈಮುಗಿದದ್ದು ಆವತ್ತೊಂದೇ ದಿನ. ಅಧಿಕಾರಿಯ ಭಯ ಬರೋಡಾದಲ್ಲಿ ಅವನ ಜೊತೆಗೇ ಇಳಿದುಹೋಯಿತು. ಅಮ್ಮನ ಭಯ ಮಾತ್ರ ನನ್ನ ಜೊತೆಗೇ ಮನೆಗೆ ಬಂತು. ಅವಳಿರುವ ತನಕ ಗುಟ್ಟು ಬಿಡದೆ ಪ್ರತಿ ಶುಕ್ರವಾರ ಆ ಹಿತ್ತಾಳೆಗೆ ಅಡ್ಡಬಿದ್ದೆ, ಅವಳಿಗಿಂತ ಹೆಚ್ಚು ಭಕ್ತಿಯಿಂದ.