ಏಳು ಸೀಟಿನ ಗಾಡಿ

ನನ್ನ ಭಾವ ಪುಟ್ಟರಾಜು ಬಾಬುರಾಯನಕೊಪ್ಪಲಿನ ನೀರುಗಂಟಿ. ಪಂಚಾಯ್ತಿ ಟ್ಯಾಂಕು ತುಂಬಿಸಿ, ಬೆಳಿಗ್ಗೆ ಸಂಜೆ ಬೀದಿ ಬೀದಿಗೆ ನಲ್ಲಿ ನೀರು ಬಿಡುವುದು ಅವರ ಕೆಲಸ. ಕಾಲು ಗಂಟೆ ತಡವಾದರೆ ಹೆಂಗಸರ ಬಾಯಲ್ಲಿ ಅವರ ವಂಶವೆಲ್ಲ ಬಂದು ಹೋಗುತ್ತದೆ. ಭಾವ ಕಿವಿ ಕೇಳಿಸದವರ ಹಾಗೆ ವಾಲ್ವು ತಿರುಗಿಸಿ ಸೈಕಲ್ಲು ಹತ್ತುತ್ತಾರೆ.

ಅವರಿಗೆ ಇನ್ನೊಂದು ಕೆಲಸವಿದೆ, ಅದಕ್ಕೆ ಸಂಬಳವಿಲ್ಲ. ಹೊಳೆಯಲ್ಲೋ ನಾಲೆಯಲ್ಲೋ ಯಾರಾದರೂ ಮುಳುಗಿ ಹೋದರೆ, ಶ್ರೀರಂಗಪಟ್ಟಣದ ಕಡೆಯಾಗಲಿ ಪಾಂಡವಪುರದ ಕಡೆಯಾಗಲಿ, ಪೊಲೀಸಿನವರು ಫೋನು ಮಾಡುವುದು ನಮ್ಮ ಭಾವನಿಗೆ. ಹಗ್ಗ ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ವಾಸನೆ ತಡೆಯುವುದಕ್ಕೆ ಒಂದು ಕ್ವಾರ್ಟರು ಏರಿಸಿ, ಮುಳುಗಿ, ಹೆಣ ತಂದು ದಡದ ಮೇಲೆ ಮಲಗಿಸುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಇದೇ. ಮೊದಲ ಸಲ ಇಳಿದದ್ದು ಯಾರೋ ಮೇಷ್ಟರ ಹೆಂಡತಿ ಬಂಡೆ ಸಂದಿಯಲ್ಲಿ ಸಿಕ್ಕಿಕೊಂಡಾಗ. ಮಿಕ್ಕ ಈಜುಗಾರರೆಲ್ಲ ಕೈ ಚೆಲ್ಲಿ ಕೂತಿದ್ದರಂತೆ. ಕೂದಲು ಹಿಡಿದು ಎಳೆಯಬಾರದು, ಕಂಕುಳಿಗೆ ಕೈ ಕೊಡಬೇಕು, ಬಾ ತಾಯಿ ಮನೆಗೆ ಹೋಗೋಣ ಅಂತ ಮನಸ್ಸಿನಲ್ಲೇ ಕರೆಯಬೇಕು, ಆಗ ಬರುತ್ತಾರೆ ಅಂತ ಒಮ್ಮೆ ನನಗೆ ಹೇಳಿದ್ದರು. ಇಲ್ಲಿಯವರೆಗೆ ಎಷ್ಟು ಎತ್ತಿದ್ದೀರಿ ಅಂತ ನಾನು ಕೇಳಿದ್ದಕ್ಕೆ ಮುಖಕ್ಕೆ ಹೊಡೆದ ಹಾಗೆ ಬೈದರು. ಅದೇನು ತೆಂಗಿನಕಾಯಾ ಎಣಿಸೋಕೆ ಅಂದರು.

ಸತ್ತವರ ಮನೆಯವರು ಭಾವನ ಕಾಲಿಗೆ ಬೀಳುತ್ತಾರೆ. ಹೆಣ ಸಿಗುವವರೆಗೆ ಮಾತ್ರ. ಸಿಕ್ಕ ಮೇಲೆ ಯಾರೂ ಅವರ ಕಡೆ ತಿರುಗಿ ನೋಡುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ಖಾಲಿ ಉಳಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎಂಥ ಜನ ಅಂತ ಹೊಟ್ಟೆ ಉರಿದಿತ್ತು. ಅವತ್ತು ನಾನು ಹೋಗಿ ಆ ಎಲೆಗೆ ಕೂತು ಊಟ ಮಾಡಿದ್ದೆ. ಅದನ್ನು ನಾಲ್ಕಾರು ಕಡೆ ಹೇಳಿಕೊಂಡು ತಿರುಗಿದ್ದೂ ಉಂಟು.

ನಾನು ಚಲುವರಾಜು. ಊರು ಬೂಕನಕೆರೆ, ಕೆ.ಆರ್. ಪೇಟೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಭಾವನಿಗೆ ಕೊಟ್ಟಿರುವುದು ನನ್ನ ಅಕ್ಕ ಚಲುವಮ್ಮನನ್ನು. ಮೇಲುಕೋಟೆ ದೇವರ ಹರಕೆಯಿಂದ ಹುಟ್ಟಿದವರು ಅಂತ ನಮ್ಮವ್ವ ಯಶೋದಮ್ಮ ಇಬ್ಬರಿಗೂ ಒಂದೇ ದೇವರ ಹೆಸರು ಹಂಚಿದ್ದಾಳೆ.

ಅಕ್ಕ ಭಾವನಿಗೆ ಒಬ್ಬಳೇ ಮಗಳು, ಮಾನಸ. ಸುತ್ತ ಹೊಳೆ ಹರಿಯುವ ಊರಿನ ಮಗ್ಗುಲಲ್ಲೇ ಹುಟ್ಟಿ, ಹದಿನಾರು ವರ್ಷ ಆ ಹೊಳೆಗೆ ಕಾಲು ಕೂಡ ಅದ್ದದೆ ಬೆಳೆದ ಹುಡುಗಿ. ಭಾವ ಬಿಡಲಿಲ್ಲ. ಓರಗೆಯವರೆಲ್ಲ ಸೋಪಾನದಲ್ಲಿ ಕೂತು ಕಾಲು ಆಡಿಸುವಾಗ ಇವಳು ದೂರದಲ್ಲಿ ಚಪ್ಪಲಿ ಕಾಯುತ್ತ ನಿಂತಿರುತ್ತಿದ್ದಳು. ಅಪ್ಪ ಅಂದರೆ ಅವಳಿಗೆ ಪ್ರಾಣ, ಆದರೆ ಮನೆಯಲ್ಲಿ ಅಪ್ಪ ಸಿಗುವುದು ಅಷ್ಟಕ್ಕಷ್ಟೇ. ಅವಳ ಹುಟ್ಟುಹಬ್ಬ, ಇಸ್ಕೂಲಿನ ಬಹುಮಾನ, ದೀಪಾವಳಿ, ಯಾವುದೂ ಫೋನು ಬಂದರೆ ನಿಲ್ಲುತ್ತಿರಲಿಲ್ಲ. ಹತ್ತನೇ ತರಗತಿಯಲ್ಲಿ ಎಂಬತ್ತರ ಮೇಲೆ ತೆಗೆದರೆ ಕೇಳಿದ್ದು ಕೊಡುತ್ತೇನೆ ಅಂದಿದ್ದರು ಭಾವ. ಅವಳು ಎಂಬತ್ತೇಳು ತೆಗೆದಳು. ಕೇಳಿದ್ದು ಒಂದೇ. ಒಂದು ದಿನ ಅಪ್ಪ ತನ್ನ ಕೈ ಹಿಡಿದು ನೀರಿಗೆ ಇಳಿಸಬೇಕು.

ಅದೇ ಹೊತ್ತಿಗೆ ನಾನು ಏಳು ಸೀಟಿನ ಗಾಡಿ ತಗೊಂಡಿದ್ದೆ. ಬೆಂಗಳೂರಿಗೆ ಮುಂಚೆ, ಹೈವೇ ಪಕ್ಕದಲ್ಲಿ ದೊಡ್ಡ ವಾಟರ್ ಪಾರ್ಕು, ಅದರೊಳಗೇ ರೆಸಾರ್ಟು, ಒಂದು ರಾತ್ರಿ ಉಳಿದು ಬರೋಣ, ಎರಡೂ ಮನೆಯವರು ಸೇರಿ ಎಂಟು ಜನ ಹೋಗೋಣ ಅಂತ ಮೊದಲು ಬಾಯಿ ಬಿಟ್ಟವನು ನಾನೇ. ಮಾನಸ ಕುಣಿದಳು. ಭಾವ ಇನ್ನೂ ಹೆಚ್ಚು ಕುಣಿದರು. ಆ ಪಾರ್ಕಿನ ವೀಡಿಯೋ ನೋಡಿ ನೋಡಿ ಅವರ ಮೊಬೈಲು ಕಾದು ಹೋಗುತ್ತಿತ್ತು. ತಿಂಡಿಗೆ ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತಿಗೆ ಹೊರಟರೆ ಟ್ರಾಫಿಕ್ಕು ಇರಲ್ಲ, ನಮ್ಮವ್ವನ ಮಂಡಿ ನೋವಿಗೆ ಯಾವ ಸೀಟು, ಎಲ್ಲಾ ಅವರದೇ ಲೆಕ್ಕ.

“ತಳ ಕಾಣ್ತದಂತೆ ಕಣ್ಲಾ ಚಲುವ ಅಲ್ಲಿ ನೀರು,” ಅಂದರು ಒಂದು ದಿನ. “ತಳ ಕಾಣೋ ನೀರ್ಗೆ ನಾನು ಇಳ್ದೇ ಇಲ್ಲ.”

ಹೊರಡುವುದಕ್ಕೆ ಹತ್ತು ದಿನ ಇರುವಾಗ ಭಾವ ಗಾಡಿ ನೋಡಲು ಬೂಕನಕೆರೆಗೆ ಬಂದರು. ಅದರ ಹಿಂದಿನ ದಿನ ಪಾಂಡವಪುರದಾಚೆ ನಾಲೆಗೆ ಬಿದ್ದ ಕಾರಿನಿಂದ ಅವರು ಗಂಡ ಹೆಂಡತಿ ಇಬ್ಬರನ್ನು ಎತ್ತಿದ್ದರು. ನಾವೆಲ್ಲ ಟೀವಿಯಲ್ಲಿ ನೋಡಿದ್ದೆವು. ಭಾವ ಗಾಡಿಯ ಪ್ರತಿಯೊಂದು ಸೀಟಿನಲ್ಲೂ ಕೂತು ಎದ್ದರು. ಕಿಟಕಿಯ ಗಾಜು ಇಳಿಸಿ ಏರಿಸಿ ನೋಡಿದರು. ನಾಲೆ ಏರಿಯ ಮೇಲೆ ಹೋಗುವಾಗ ಗಾಜು ಅರ್ಧ ಇಳಿಸಿರಬೇಕು, ಲಾಕು ಹಾಕಬಾರದು ಅಂತ ನನ್ನ ಮಕ್ಕಳು ಸ್ನೇಹ, ಅಪ್ಪು ಇಬ್ಬರನ್ನೂ ಕೂರಿಸಿಕೊಂಡು ಹೇಳಿಕೊಟ್ಟರು. ನೀರು ನುಗ್ಗಿದರೆ ಬಾಗಿಲಿಗೆ ಒದೆಯಬೇಡಿ, ಕಿಟಕಿಯಿಂದ ಬನ್ನಿ ಅಂದರು. ಅಪ್ಪು ನಗುತ್ತ ಕಿಟಕಿಯಿಂದ ನುಸುಳಿ ತೋರಿಸಿದ. ನನ್ನ ಹೆಂಡತಿ ಪ್ರಮೀಳಾ ಜಗುಲಿಯ ಮೇಲೆ ನಿಂತು ನೋಡುತ್ತಿದ್ದವಳು ಒಳಗೆ ಹೋದಳು.

ಭಾವ ಬಸ್ಸು ಹತ್ತಿದ ಮೇಲೆ ಅವಳು ಅರಿಶಿನದ ನೀರು ತಂದು ಸೀಟುಗಳನ್ನೆಲ್ಲ ಒರೆಸಿದಳು. ಅವಳು ನಾಗಮಂಗಲದ ಕಡೆಯವಳು, ಕೂಗಾಡುವ ಹೆಂಗಸಲ್ಲ, ಭಾವನನ್ನು ಕಂಡರೆ ಮರ್ಯಾದೆಯೂ ಇದೆ. ಬಾಯಿ ಬಿಟ್ಟವಳು ನಮ್ಮವ್ವ. ಸ್ವಂತ ಅಳಿಯನ ಮೇಲೆ.

“ಅಳಿಯಂದ್ರು ಬಂದ್ರೆ ಅವ್ರೊಬ್ರೇ ಬತ್ತಾರೇನ್ಲಾ? ಎತ್ತಿದ್ದೋವೆಲ್ಲ ಇಂದೆ ಇಂದೆ ಬತ್ತವೆ. ಗಾಡೀಲಿ ಕೂಸುಗಳವ್ರೆ, ನೋಡ್ಕೊ.”

ನಾನು ರೇಗಿದೆ. ಯಾವ ಕಾಲದಲ್ಲಿ ಇದ್ದೀಯವ್ವ ಅಂತ ಕೂಗಾಡಿ ತಟ್ಟೆ ಸರಿಸಿ ಎದ್ದೆ. ಆದರೆ ಪ್ರಮೀಳಾ ಫೋನಿನಲ್ಲಿ ರೂಮು ಬುಕ್ ಮಾಡುವಾಗ ಏಳು ಜನ ಅಂತ ಒತ್ತಿ ನನ್ನ ಮುಂದೆ ಹಿಡಿದಳಲ್ಲ, ಆಗ ಎಂಟು ಅನ್ನಬಹುದಿತ್ತು. ಅನ್ನಲಿಲ್ಲ, ಸರಿ ಅಂದುಬಿಟ್ಟೆ. ಅವತ್ತು ಭಾವ ಹೋದ ಮೇಲೆ ಗಾಡಿಯ ಹಿಂದಿನ ಸೀಟು ನೋಡಿದಾಗ ನನಗೇ ಮೈ ಜುಂ ಅಂದಿತ್ತು. ಹೆಂಗಸರ ಮೂಢನಂಬಿಕೆ ಅಂತ ಅವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ನೋಡಿದೆ, ಅಷ್ಟೆ. ಹೆದರಿದವನು ನಾನೂ ಹೌದು. ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತ ಶೂರ!

ಭಾವನಿಗೆ ಹೇಳಬೇಕಿತ್ತಲ್ಲ. ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲಿಗೆ ಕಾಫಿಗೆ ಬನ್ನಿ ಅಂದೆ. ಬಂದವರು ಕೂರುವ ಮೊದಲೇ ಕವರು ಬಿಚ್ಚಿ ತೋರಿಸಿದರು. ಆ ಪಾರ್ಕಿನಲ್ಲಿ ಕಾಟನ್ ಬಟ್ಟೆಗೆ ಬಿಡಲ್ಲವಂತೆ, ಅದಕ್ಕೆ ಅಪ್ಪ ಮಗಳಿಗೆ ಒಂದೇ ಬಣ್ಣದ ನೈಲಾನು ಚಡ್ಡಿ, ಟೀ ಶರ್ಟು. ಐವತ್ತು ವರ್ಷದ ಮನುಷ್ಯ ಆ ನೀಲಿ ಶರ್ಟನ್ನು ಎದೆಗೆ ಹಿಡಿದು ಹೆಂಗದೆ ಅಂತ ಕೇಳುತ್ತಿದ್ದರೆ, ನಾನು ಕಾಫಿ ಲೋಟ ನೋಡುತ್ತಿದ್ದೆ.

“ಗಾಡೀಲಿ ಏಳೇ ಸೀಟು ಭಾವ,” ಅಂದೆ.

ಅಷ್ಟೇ ಹೇಳಿದ್ದು. ನಮ್ಮ ಸೀಮೆಯಲ್ಲಿ ಏಳು ಸೀಟಿನ ಗಾಡಿಗೆ ಏಳೇ ಜನ ಅಂತ ಲೆಕ್ಕ ಹಾಕಿದ ಗಂಡಸನ್ನು ಯಾರಾದರೂ ಕಂಡಿದ್ದೀರಾ? ಆಟೋದಲ್ಲಿ ಹನ್ನೆರಡು ಜನ ಹೋಗುತ್ತೇವೆ. ದೇವರಿಗೆ ಹೋಗುವಾಗ ಇದೇ ಥರದ ಗಾಡಿಯಲ್ಲಿ ತೊಡೆಯ ಮೇಲೆ ಒಬ್ಬೊಬ್ಬರನ್ನು ಕೂರಿಸಿಕೊಂಡು ಹದಿಮೂರು ಜನ ಹೋಗಿ ಬಂದಿದ್ದೇವೆ. ಭಾವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಶರ್ಟನ್ನು ನಾಲ್ಕು ಮಡಿಕೆ ಮಡಿಸಿ ಕವರಿನೊಳಗೆ ಇಟ್ಟರು. ಸರ್ವರು ಬಂದು ಟೇಬಲ್ಲು ಒರೆಸಿ ಹೋದ.

“ಓಗ್ಲಿ ಬುಡ್ಲಾ, ಅವ್ರದ್ದೂ ತಪ್ಪಲ್ಲ,” ಅಂದರು ಆಮೇಲೆ. “ನಂಗೇ ಒಂದೊಂದ್ ದಿನ ಈ ಕೈಯ ಅನ್ನಕ್ಕಿಕ್ಕಕೆ ಮನ್ಸು ಬರಕಿಲ್ಲ.”

ಹಾಗಲ್ಲ ಭಾವ ಅಂತ ಏನೋ ತೊದಲಿದೆ. ಅವರು ಅದಕ್ಕೆ ಕಿವಿ ಕೊಡಲಿಲ್ಲ. ಆಗಲೇ ಅವರ ತಲೆ ಮಗಳ ಕಡೆ ಹೋಗಿತ್ತು. ನಾವು ಹೀಗೆ ಮಾಡಿದೆವು ಅಂತ ಗೊತ್ತಾದರೆ ಮಾನಸ ಗಾಡಿ ಹತ್ತುವುದಿಲ್ಲ, ಆಮೇಲೆ ಅಜ್ಜಿಯ ಮನೆಯ ಹೊಸಿಲೂ ತುಳಿಯುವುದಿಲ್ಲ ಅಂದರು. ತನ್ನ ಕಡೆಯವರು ಅಂತ ಯಾರೂ ಇಲ್ಲ, ಚಲುವಮ್ಮನಿಗೆ ಮಗಳಿಗೆ ಇರುವುದು ಇದೊಂದೇ ಮನೆ, ಅದು ಉಳಿಯಲಿ ಅಂದರು.

“ನಾನೇ ಒಂದ್ ಸುಳ್ಳು ಯೋಳ್ತೀನಿ. ನೀನು ಊಂ ಅಂದ್ರೆ ಸಾಕು. ಅಷ್ಟು ಮಾಡ್ಲಾ.”

ನಾನು ಊಂ ಅಂದೆ. ಬೇಡ ಭಾವ, ಬನ್ನಿ, ಒಟ್ಟಿಗೆ ಹೋಗೋಣ ಅಂತ ಅನ್ನುವುದಕ್ಕೆ ಆಗಲೂ ಹೊತ್ತು ಮೀರಿರಲಿಲ್ಲ. ಬಾಯಿಗೆ ಏನು ಬಡಿದಿತ್ತೋ! ಕಾಫಿಯ ದುಡ್ಡನ್ನೂ ಅವರೇ ಕೊಟ್ಟು ಹೋದರು.

ಹೊರಡುವ ದಿನ ಬೆಳಿಗ್ಗೆ ಆರೂವರೆಗೆ ಬಾಬುರಾಯನಕೊಪ್ಪಲು ಮುಟ್ಟಿದೆವು. ಅಕ್ಕ ಬುತ್ತಿಯ ಚೀಲ ಹಿಡಿದು ನಿಂತಿದ್ದಳು. ಮಾನಸ ರಸ್ತೆಗೇ ಓಡಿ ಬಂದಳು, ತಲೆಗೆ ಹೂವು, ಹೊಸ ಚಪ್ಪಲಿ. ಅಪ್ಪ ಇನ್ನೂ ರೆಡಿಯಾಗಿಲ್ಲ ಮಾವ, ಬೈಯಿ ಸ್ವಲ್ಪ ಅಂತ ನಗುತ್ತಿದ್ದಳು. ಅಷ್ಟರಲ್ಲಿ ಭಾವ ಹೊರಗೆ ಬಂದರು. ಹಳೇ ಚಡ್ಡಿ, ಹೆಗಲ ಮೇಲೆ ಹಗ್ಗ.

ಪಾಂಡವಪುರದ ಹತ್ತಿರ ಒಂದು ಸಿಕ್ಕಿಕೊಂಡಿದೆಯಂತೆ, ಈಗ ತಾನೆ ಸ್ಟೇಷನ್ನಿಂದ ಫೋನು ಬಂತು, ನೀವು ಹೋಗಿರಿ, ಮುಗಿಸಿಕೊಂಡು ಬಸ್ಸಿಗೆ ಬರಲು ನೋಡುತ್ತೇನೆ ಅಂದರು. ಒಂದೇ ಉಸಿರಿಗೆ, ಪಾಠ ಒಪ್ಪಿಸಿದ ಹಾಗೆ. ಅಕ್ಕ ಹಣೆ ಚಚ್ಚಿಕೊಂಡಳು. ಇಷ್ಟು ವರ್ಷ ಕಂಡದ್ದೇ ತಾನೆ, ಅವಳು ನಂಬಿದಳು. ಮಾನಸ ನಂಬಲಿಲ್ಲ. ಫೋನು ಬಂದ ಸದ್ದೇ ಆಗಲಿಲ್ಲವಲ್ಲ ಅಂದಳು. ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

“ಮಾವ, ನಿಜವಾ?”

ಭಾವ ನನ್ನನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ಹಾಗಿತ್ತು ಆ ನೋಟ. ಒಂದು ಗಳಿಗೆ, ಎಲ್ಲಾ ಹೇಳಿಬಿಡೋಣ ಅನ್ನಿಸಿತು ನನಗೆ. ನನ್ನ ಸೋದರ ಸೊಸೆ ಕಣ್ಣು ಬಿಟ್ಟುಕೊಂಡು ನಿಂತಿದ್ದಾಳೆ, ನಾನು ಹೇಳಿದ್ದನ್ನು ನಂಬುತ್ತಾಳೆ.

“ಊಂ ಕಣವ್ವ,” ಅಂದೆ. “ನಂಗೂ ಮಾಡಿದ್ರು ಪೋನು.”

ಅವಳು ಅಳಲಿಲ್ಲ. ಅಪ್ಪನ ಹತ್ತಿರ ಹೋಗಿ, ಬೀದಿಯವರಿಗೆ ಕೇಳದ ಹಾಗೆ, ಮೆಲ್ಲಗೆ ಅಂದಳು.

“ನಾನೂ ನಾಲೆಗೆ ಬಿದ್ರೆ ಬತ್ತೀಯ, ಅಲ್ವಾ? ಆಗಾದ್ರೂ ಬತ್ತೀಯ.”

ಭಾವ ಹಗ್ಗವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು. ಅವಳು ಬಂದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ನಾನು ಗಾಡಿ ಬಿಟ್ಟೆ. ಕನ್ನಡಿಯಲ್ಲಿ ಭಾವ ಬೀದಿಯ ನಡುವೆ ಹಾಗೇ ನಿಂತಿದ್ದರು, ಹೋಗಲು ಯಾವ ನಾಲೆಯೂ ಇರಲಿಲ್ಲ.

ಪಾರ್ಕಿನಲ್ಲಿ ಎರಡು ದಿನ ಏನೇನಾಯಿತು ಅಂತ ಬರೆಯಲು ನನಗೆ ಮನಸ್ಸಿಲ್ಲ. ಸ್ನೇಹ, ಅಪ್ಪು ಕುಣಿದರು. ಪ್ರಮೀಳಾ ಫೋಟೋ ತೆಗೆದಳು. ಮಾನಸ ಅಲೆ ಬರುವ ಕೊಳದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವಳು ಏಳಲಿಲ್ಲ. ಬಾ ನಾನು ಕೈ ಹಿಡಿಯುತ್ತೇನೆ ಅಂದದ್ದಕ್ಕೆ, ಬೇಡ ಮಾವ, ಬ್ಯಾಗು ನೋಡಿಕೊಳ್ಳುತ್ತೇನೆ ನೀವು ಹೋಗಿ ಅಂದಳು. ಎರಡನೇ ದಿನವೂ ಅದನ್ನೇ ಅಂದಳು.

ವಾಪಸು ಬಂದು ಅವರನ್ನು ಮನೆ ಮುಂದೆ ಇಳಿಸಿದಾಗ ಇನ್ನೂ ಬೆಳಕಿತ್ತು. ಭಾವ ವಾಲ್ವು ತಿರುಗಿಸಿ ಬಂದಿದ್ದರು, ಕೈಯೆಲ್ಲ ಕೆಸರು. ಮಾನಸ ಅವರ ಪಕ್ಕದಿಂದಲೇ ಹಾದು ಒಳಗೆ ಹೋದಳು, ಕಂಬ ದಾಟಿದ ಹಾಗೆ. ಭಾವ ಗಾಡಿಯ ಕಿಟಕಿಗೆ ಬಂದು ಬಗ್ಗಿದರು. ಮಗಳು ಆಡಿದಳೇನ್ಲಾ ನೀರಿನಲ್ಲಿ ಅಂತ ಕೇಳಿದರು. ಆಡಿದಳು ಭಾವ, ಎದ್ದು ಬರಲೇ ಒಲ್ಲಳು ಅಂದೆ. ಭಾವ ನಕ್ಕರು, ಅಷ್ಟಾದರೆ ಸಾಕು ಅಂದರು.

ಇದಾಗಿ ಎಂಟು ತಿಂಗಳಾಯಿತು. ಮಾನಸ ಈಗ ಶ್ರೀರಂಗಪಟ್ಟಣದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಒಂದೇ ಮನೆಯಲ್ಲಿದ್ದುಕೊಂಡು ಅಪ್ಪನ ಜೊತೆ ಮಾತಿಲ್ಲ. ಊಟಕ್ಕೆ ಕರೆಯಬೇಕಾದರೂ ಅಮ್ಮನ ಕೈಲಿ ಹೇಳಿಸುತ್ತಾಳೆ. ಆದರೆ ನಮ್ಮ ಮನೆಗೆ ಹಬ್ಬ ತಪ್ಪದೆ ಬರುತ್ತಾಳೆ, ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ, ಪ್ರಮೀಳಾಗೆ ಅಡಿಗೆಗೆ ಕೈ ಜೋಡಿಸುತ್ತಾಳೆ, ನನ್ನನ್ನು ಕಂಡರೆ ಮಾವ ಮಾವ ಅಂತ ಹಿಂದೆ ಹಿಂದೆ ತಿರುಗುತ್ತಾಳೆ. ಭಾವ ಬಯಸಿದ್ದು ಅದನ್ನೇ. ನಿಜ ಹೇಳಿದರೆ ಅವಳಿಗೆ ಅಪ್ಪ ಸಿಗುತ್ತಾರೆ, ನಾವು ಹೋಗುತ್ತೇವೆ. ಇಷ್ಟು ತಿಂಗಳಿಂದ ನಾನು ನಮ್ಮನ್ನೇ ಉಳಿಸಿಕೊಂಡು ಬಂದಿದ್ದೇನೆ.

ಹೋದ ಭಾನುವಾರ ಅಕ್ಕ ಬಂದಿದ್ದಳು. ಭಾವ ಸೊರಗಿ ಹೋಗಿದ್ದಾರೆ, ಸರಿಯಾಗಿ ತಿನ್ನುತ್ತಿಲ್ಲ ಅಂತ ಕಣ್ಣೀರು ಹಾಕಿದಳು. ಹೊರಡುವಾಗ ನನ್ನ ಕೈ ಹಿಡಿದುಕೊಂಡಳು.

“ನೀನಾದ್ರೂ ಅವ್ಳಿಗೆ ಒಂದ್ ಮಾತು ಯೋಳೋ ಚಲುವ. ಅವ್ರಪ್ಪ ಅಂತೋರಲ್ಲ ಅಂತ ಯೋಳು. ಸೋದರಮಾವ ನೀನು, ನಿನ್ ಮಾತು ಅಂದ್ರೆ ನಂಬ್ತಾಳೆ.”

ಯೋಳ್ತೀನಿ ಬುಡಕ್ಕ ಅಂದೆ. ಇನ್ನೂ ಹೇಳಿಲ್ಲ.