ಎಂಟು ದನಿಗಳ ಸಿ.ಡಿ.

ಹೋದ ತಿಂಗಳು ಅಮೆರಿಕದ ಶ್ಯಾಂಟಿಲಿಯಲ್ಲಿರುವ ನಮ್ಮ ಮನೆಯ ಗರಾಜು ಖಾಲಿ ಮಾಡುವಾಗ ಹಳೆಯ ಸಿ.ಡಿ.ಯೊಂದು ಸಿಕ್ಕಿತು. ಹಾಕಿ ಕೇಳುವ ಧೈರ್ಯವಾಗಲಿಲ್ಲ. ಆದರೂ ಅದರ ಬಡಿತ ಕಿವಿಯೊಳಗೆ ತಾನಾಗಿ ಶುರುವಾಯಿತು...

ತೊಂಬತ್ತರ ದಶಕದ ಕೊನೆ. ಮದುವೆಯಾಗಿ ಮೇರಿಲ್ಯಾಂಡಿಗೆ ಬಂದಿದ್ದೆ. ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಕಾರು ಓಡಿಸಲು ಬರದು. ಬಟ್ಟೆಯ ಗಂಟು ಹೊತ್ತು, ಕಾಸು ಹಾಕಿ ನಾವೇ ಒಗೆದುಕೊಳ್ಳುವ ಲಾಂಡ್ರಿಗೆ ಹೋಗುವುದೇ ನನ್ನ ಅಮೆರಿಕ. ಪಕ್ಕದಲ್ಲಿ ಜಮೈಕಾದವರೊಬ್ಬರ ಸಿ.ಡಿ. ಅಂಗಡಿ. ಅಲ್ಲಿನ ಸದ್ದಿಗೆ ಲಾಂಡ್ರಿಯ ಗೋಡೆ ಅದುರುತ್ತಿತ್ತು. ಒಂದು ದಿನ ಜಗಳವಾಡಲೆಂದೇ ಒಳಗೆ ನುಗ್ಗಿದೆ. ಅವರು ಸ್ಟೂಲು ಎಳೆದು ಕೂರಿಸಿ, ಶುಂಠಿ ಪಾನಕ ಕೊಟ್ಟು, ತಮ್ಮ ದೇಶದ ಡ್ಯಾನ್ಸ್‌ಹಾಲ್ ಎಂಬ ಬಗೆಯ ಹಾಡು ಕೇಳಿಸಿದರು. ವಾದ್ಯಗಳ ಬಡಿತ ಒಂದೇ, ಅದರ ಮೇಲೆ ಒಬ್ಬೊಬ್ಬರದು ಒಂದೊಂದು ಹಾಡು. ಆ ಬಡಿತಕ್ಕೆ ರಿಡಿಮ್ ಎನ್ನುತ್ತಾರಂತೆ. ನಮ್ಮ ಭಜನೆಯವರು ಒಂದೇ ಮಟ್ಟಿಗೆ ಹತ್ತು ಪದ ಕೂರಿಸುವುದಿಲ್ಲವೇ, ಹಾಗೆ. ಆ ಊರಿನಲ್ಲಿ ನನ್ನ ಹೆಸರು ಕೇಳಿ ಕೂರಿಸಿದ ಮೊದಲ ಮನುಷ್ಯ ಅವರು.

ಆಗ ಅವರು ತಮ್ಮದೇ ರಿಡಿಮ್ ಕಟ್ಟಿ, ಆ ಊರಿನ ಹಾಡುಗಾರರಿಂದ ಹಾಡಿಸಿ ಸಿ.ಡಿ. ತರುತ್ತಿದ್ದರು. ಹಾಡಿದ್ದು ಒಂಬತ್ತು ಜನ. ಅಚ್ಚಾಗಿ ಬಂದಾಗ ಎಂಟೇ ಹೆಸರು. ಒಂಬತ್ತನೆಯವನು ತಾಳಕ್ಕೆ ಕೂರಲಿಲ್ಲವೆಂದು ಮುಲಾಜಿಲ್ಲದೆ ಕಿತ್ತುಹಾಕಿದ್ದರು.

ಮಟಮಟ ಮಧ್ಯಾಹ್ನ ಅವನು ಬೇಸ್‌ಬಾಲ್ ಬ್ಯಾಟು ಹಿಡಿದು ಬಂದ. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಮೊದಲು ಗಾಜು ಒಡೆದ, ಆಮೇಲೆ ಸ್ಪೀಕರು, ಆಮೇಲೆ ಅವರ ಮೊಣಕೈ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಬಿದ್ದವರ ಕಿವಿಯ ಮೇಲೆ ಬೂಟುಗಾಲಿನಿಂದ ಒದ್ದ, ಮತ್ತೆ ಒದ್ದ... ಮುಂದಿನ ಸಲ ಗನ್ನು ತರುತ್ತೇನೆಂದು ಕೂಗಿ, ನನ್ನ ಮುಖವನ್ನು ಒಮ್ಮೆ ನೋಡಿ ಹೊರಟುಹೋದ.

ಆ ಹೊತ್ತಿಗೆ ಅವನು ತಮ್ಮ ಜೊತೆಗಿದ್ದನೆಂದು ಅವನ ಗೆಳೆಯರು ಪೊಲೀಸರಿಗೆ ಹೇಳಿದರು. ಅಂಗಡಿಯವರ ಮಾತಿಗೆ ಸಾಕ್ಷಿ ನಾನೊಬ್ಬಳೇ.

"ನೋಡೇ, ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದೀವಿ. ಪೊಲೀಸು, ಕೋರ್ಟು ನಮಗ್ಯಾಕೆ? ಲಾಂಡ್ರಿಲಿದ್ದೆ, ಏನೂ ನೋಡ್ಲಿಲ್ಲ ಅಂದ್ಬಿಡು" ಎಂದರು ನಮ್ಮವರು.

ಗಂಡನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು. ಆದರೆ ಪೊಲೀಸರ ಮುಂದೆ ಹಾಗೆಂದು ಹೇಳಿದ ನಾಲಿಗೆ ನನ್ನದು. ಪೊಲೀಸರು ಅವನನ್ನು ಬಿಟ್ಟರು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅವರು ಲಾಂಡ್ರಿಗೇ ಬಂದು ಆ ಎಂಟು ಹೆಸರಿನ ಸಿ.ಡಿ.ಯೊಂದನ್ನು ಕೊಟ್ಟರು. "ಹೆದರಬೇಡ ತಂಗಿ, ನಿನಗೂ ಸಂಸಾರ ಇದೆ" ಎಂದರು. ಅವರ ಒಂದು ಕಿವಿ ಪೂರ್ತಿ ಹೋಗಿತ್ತು. ಉಗಿದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ವಾರ, ನಾನು ಬೆಡ್‌ಶೀಟು ಮಡಿಸುತ್ತಿದ್ದಾಗ, ಗೋಡೆಯಾಚೆ ಮೂರು ಗುಂಡು ಹಾರಿದವು. ಓಡಿಹೋಗಿ ನೋಡಿದೆ. ಅವರು ಕೌಂಟರಿನ ಹಿಂದೆ ಬಿದ್ದಿದ್ದರು, ಗಂಟಲಿನಿಂದ ರಕ್ತ ಉಕ್ಕುತ್ತಿತ್ತು. ಉಳಿದ ಸ್ಪೀಕರಿನಲ್ಲಿ ಹಾಡು ಮಾತ್ರ ನಡೆದೇ ಇತ್ತು. ನನ್ನ ಒಂದು ಮಾತಿಗೆ ಉಳಿಯಬಹುದಾಗಿದ್ದ ಜೀವ...

ಈಗ ನಾನು ಈ ದೇಶದ ಪ್ರಜೆ. ಮೊನ್ನೆ, ತೀರ್ಪು ಹೇಳಲು ಪ್ರಜೆಗಳನ್ನೇ ಕೂರಿಸುವ ಜ್ಯೂರಿಗೆ ಕರೆ ಬಂದು ಕೋರ್ಟಿಗೆ ಹೋಗಿದ್ದೆ. ಯಾರಾದರೂ ಕೊಲೆ, ಹಲ್ಲೆಗಳನ್ನು ಕಣ್ಣಾರೆ ನೋಡಿದ್ದೀರಾ ಎಂದು, ಆರಿಸುವ ಮೊದಲು, ನ್ಯಾಯಾಧೀಶರು ನಮ್ಮನ್ನೆಲ್ಲ ಕೇಳಿದರು. ಇಬ್ಬರು ಕೈ ಎತ್ತಿದರು. ನನ್ನನ್ನು ಈಗ ಯಾರೂ ಎಲ್ಲಿಗೂ ವಾಪಸು ಕಳಿಸುವಂತಿಲ್ಲ. ಆದರೂ ನನ್ನ ಕೈ ಮಡಿಲಲ್ಲೇ ಇತ್ತು.