ತಕ್ಕಡಿಯಕ್ಕ ಹಾಕಿದ ಗಂಟು

ಹೋರಿಗಳ ಕೊಟ್ಟಿಗೆಯಲ್ಲಿ ಅವಳನ್ನು ಎಲ್ಲರೂ ತಕ್ಕಡಿಯಕ್ಕ ಎಂದೇ ಕರೆಯುತ್ತಿದ್ದರು. ಮಾಂಸಕ್ಕೆಂದು ಸಾಕಿದ ನಲವತ್ತು ಹೋರಿಗಳಿಗೆ ಮೇವು ಬೆರೆಸುವುದು ಹದಿನೆಂಟು ವರ್ಷಗಳಿಂದ ಅವಳ ಕೆಲಸ. ಕತ್ತರಿಸಿದ ಕಬ್ಬಿನಲ್ಲಿ ಸಿಹಿ ಉಂಟು, ಮೈ ಕಟ್ಟುವ ಸತ್ವವಿಲ್ಲ. ಆ ಕೊರತೆ ನೀಗಲು ಹಿಂಡಿ, ಖನಿಜದ ಪುಡಿ, ಜೊತೆಗೆ ಯೂರಿಯಾ ಕರಗಿಸಿದ ನೀರು. ಹೊಲಕ್ಕೆ ಎರಚುವ ಅದೇ ಬಿಳಿ ಕಾಳು. ಅಳತೆಯಲ್ಲಿ ಬಿದ್ದರೆ ಹೋರಿ ಮೈದುಂಬುತ್ತದೆ, ಕೈತಪ್ಪಿದರೆ ಕಾಲು ಚಾಚುತ್ತದೆ. ಅವಳು ಕೆಲಸಕ್ಕೆ ಸೇರಿದ ವರ್ಷವೇ, ಯಾರೋ ಸರಿಯಾಗಿ ಕರಗಿಸದೆ ಬಿಟ್ಟ ಯೂರಿಯಾ ನೆಕ್ಕಿ ಎರಡು ಹೋರಿಗಳು ಕಣ್ಣೆದುರೇ ಸತ್ತಿದ್ದವು. ಅಂದಿನಿಂದ ಅವಳು ತೂಗದೆ ಏನನ್ನೂ ಹಾಕಿದವಳಲ್ಲ. "ನಮ್ಮವಳು ಸಿಟ್ಟು ಮಾಡ್ಕೊಳ್ಳೋದೂ ಗ್ರಾಂ ಲೆಕ್ಕದಲ್ಲೇ" ಎಂದು ಗಂಡ ನಗೆಯಾಡುತ್ತಿದ್ದ.

ಒಂದು ಸಲ ಜ್ವರ ಬಂದು ಆರು ದಿನ ಹಾಸಿಗೆ ಹಿಡಿದಳು. ಅದೇ ಕೊಟ್ಟಿಗೆಯಲ್ಲಿ ಕಬ್ಬು ಕತ್ತರಿಸುವ ಯಂತ್ರ ನಡೆಸುವ ಅವಳ ತಮ್ಮ, ಬೆರೆಸುವ ಕೆಲಸವನ್ನೂ ವಹಿಸಿಕೊಂಡ.

ಏಳನೆಯ ದಿನ ಬೆಳಿಗ್ಗೆ ಬಂದವಳು ಮೊದಲು ಗೋಡೆಯ ಕಪ್ಪು ಹಲಗೆ ನೋಡಿದಳು. ಯೂರಿಯಾದ ಸಾಲಿನಲ್ಲಿ ದಿನಕ್ಕೊಂದರಂತೆ ಆರು ಗೀಟು. ಜೀವಕ್ಕೆ ನೆಮ್ಮದಿಯಾಯಿತು. ಚೀಲ ಬಿಚ್ಚಿದಳು, ತೂಗಿದಳು, ನೀರಲ್ಲಿ ಕರಗಿಸಿ ಕಬ್ಬಿನ ರಾಶಿಗೆ ಚಿಮುಕಿಸಿದಳು, ಮಗುಚಿ ಗೋದಲಿಗಳಿಗೆ ತುಂಬಿದಳು.

ಬಕೆಟ್ಟು ತೊಳೆಯುತ್ತಿದ್ದಾಗ ಬೆರಳುಗಳಿಗೆ ಏನೋ ನೆನಪಾಯಿತು. ಬೆಳಿಗ್ಗೆ ಬಿಚ್ಚುವಾಗ ಚೀಲದ ಬಾಯಿಗಿದ್ದದ್ದು ಎಡಕ್ಕೆ ಸುತ್ತಿ ಒಳಗೆ ಸಿಕ್ಕಿಸಿದ ಗಂಟು. ಅದು ಅವಳದೇ ಗಂಟು. ತಮ್ಮ ಹಾಕುವುದು ಯಾವಾಗಲೂ ಎರಡು ಕುಣಿಕೆ.

"ಏಯ್, ಬಾರೋ ಇಲ್ಲಿ!"

ಯಂತ್ರದ ಸದ್ದು ನಿಂತಿತು.

"ಆರು ದಿನದಲ್ಲಿ ಈ ಚೀಲ ಒಂದ್ಸಲಾನಾದ್ರೂ ಬಿಚ್ಚಿದ್ಯಾ?"

"ಹಲಗೆ ಮೇಲೆ ಗೀಟು ಹಾಕಿದ್ದೀನಲ್ಲಕ್ಕ..."

"ಗೀಟು ಕೇಳ್ಲಿಲ್ಲ. ಚೀಲ ಕೇಳ್ದೆ."

ಅವನು ತಲೆ ತಗ್ಗಿಸಿದ. "ಭಯ ಆಯ್ತು. ಎರಡು ಸತ್ತ ಕಥೆ ನೀನೇ ನೂರು ಸಲ ಹೇಳಿದ್ದೀಯ. ಹಾಕಿ ಕೊಲ್ಲೋದಕ್ಕಿಂತ ಹಾಕದೇ ಇರೋದೇ ವಾಸಿ ಅಂದ್ಕೊಂಡೆ."

ಅವಳು ಗೋದಲಿಗಳತ್ತ ತಿರುಗಿದಳು. ನಡುವೆ ಬಿಟ್ಟರೆ ಹೋರಿಯ ಹೊಟ್ಟೆಗೆ ಯೂರಿಯಾದ ರೂಢಿ ತಪ್ಪುತ್ತದೆ. ಮತ್ತೆ ಸ್ವಲ್ಪದರಿಂದ ಶುರುಮಾಡಿ ವಾರಗಟ್ಟಲೆ ಏರಿಸಬೇಕು. ಅವಳು ಪೂರ್ತಿ ಅಳತೆ ಹಾಕಿಬಿಟ್ಟಿದ್ದಳು.

"ಎಳೆಯೋ! ಗೋದಲಿಲಿ ಇರೋದೆಲ್ಲ ಎಳೆದು ಹೊರಗೆ ಹಾಕು!"

ಆ ತುದಿಯಿಂದ ಅವನು, ಈ ತುದಿಯಿಂದ ಅವಳು. ಹೋರಿಗಳು ಮೂತಿ ತೂರಿಸಿ ಗುದ್ದಾಡಿದವು. ಹೆಚ್ಚಿನವು ಆಗಷ್ಟೇ ಬಾಯಿ ಹಾಕಿದ್ದವು. ಮೊದಲ ಗೋದಲಿಯ ಹೊಟ್ಟೆಬಾಕ ಮಾತ್ರ ತಳ ನೆಕ್ಕುತ್ತಿದ್ದ.

ಕಾಲು ಗಂಟೆಯಲ್ಲಿ ಆ ಹೋರಿಯ ಕಿವಿಗಳು ಅದುರತೊಡಗಿದವು. ಬಾಯಲ್ಲಿ ನೊರೆ. ಎಡಪಕ್ಕೆ ಉಬ್ಬಿ ಬಿಗಿಯಿತು. ಫೋನಿನಲ್ಲಿ ದನದ ಡಾಕ್ಟರು, "ಬರೋಕೆ ಒಂದು ಗಂಟೆ ಬೇಕು. ವಿನೆಗರ್ ಇದೆಯಾ? ತಣ್ಣೀರಲ್ಲಿ ಬೆರೆಸಿ ಕುಡಿಸ್ತಾ ಇರಿ" ಎಂದರು.

ಇತ್ತು. ಆ ಎರಡು ಸತ್ತಂದಿನಿಂದ ಮೂಲೆಯಲ್ಲಿ ಅವಳು ಇಟ್ಟುಕೊಂಡು ಬಂದಿದ್ದ ಐದು ಲೀಟರಿನ ಕ್ಯಾನು. ಅದನ್ನು ಕಂಡು ನಗದವರಿರಲಿಲ್ಲ.

"ತಲೆ ತೀರಾ ಎತ್ತಬೇಡ, ಶ್ವಾಸಕೋಶಕ್ಕೆ ಇಳಿಯುತ್ತೆ. ಹಾಗೇ ಹಿಡಿ." ಬಿದಿರಿನ ಗೊಟ್ಟದಲ್ಲಿ ಅವಳು ಕಟವಾಯಿಗೆ ಸುರಿದಳು. ಅರ್ಧ ಒಳಗೆ, ಅರ್ಧ ತಮ್ಮನ ಅಂಗಿಗೆ. ಹೋರಿ ಮಂಡಿಯೂರಿತು.

"ಹೋಯ್ತಕ್ಕ..."

"ಬಾಯ್ಮುಚ್ಚು. ಗೊಟ್ಟ ತುಂಬ್ಸು."

ತುಂಬಿದ, ಅವಳು ಸುರಿದಳು. ಮತ್ತೆ ತುಂಬಿದ. ಕ್ಯಾನಿನ ತಳ ಕಾಣುವ ಹೊತ್ತಿಗೆ ಹೋರಿ ದೊಡ್ಡದಾಗಿ ತೇಗಿತು. ಹುಳಿನಾತ ಇಬ್ಬರ ಮುಖಕ್ಕೂ ಹೊಡೆಯಿತು. ಡಾಕ್ಟರು ಬಂದಾಗ ಹೊಟ್ಟೆಬಾಕ ನಾಲ್ಕು ಕಾಲ ಮೇಲೆ, ನಡುಗುತ್ತಲೇ, ನಿಂತಿದ್ದ.

ತಕ್ಕಡಿಯಕ್ಕ ಹಲಗೆಯ ಆರು ಗೀಟುಗಳನ್ನೂ ಒರೆಸಿ, ಆ ಜಾಗದಲ್ಲಿ ಆರು ಸೊನ್ನೆ ಬರೆದಳು. "ಕೈತಪ್ಪಿ ಹಾಕಿದ್ರೆ ಸಾಯುತ್ತೆ ಅಂತ ಹೇಳ್ದೆ. ನಡುವೆ ಬಿಟ್ಟು ಮತ್ತೆ ಹಾಕಿದ್ರೆ ಏನಾಗುತ್ತೆ ಅಂತ ಹೇಳ್ಲಿಲ್ಲ. ಅಷ್ಟು ತಪ್ಪು ನಂದು. ಸುಳ್ಳು ಗೀಟು ನಿಂದು."

ಯೂರಿಯಾ ಮತ್ತೆ ಶುರುಮಾಡಲು ಡಾಕ್ಟರು ಒಪ್ಪಿದ ದಿನ ಅವಳು ಚೀಲವನ್ನು ತಮ್ಮನ ಮುಂದೆ ತಳ್ಳಿದಳು. "ಹಳೆ ಅಳತೆಯಲ್ಲಿ ಕಾಲುಭಾಗ. ನೀನೇ ತೂಗು."

"ಭಯ ಆಗ್ತಿದೆಯಕ್ಕ."

"ಆಗ್ಲಿ. ಮುಳ್ಳು ನಿಲ್ಲೋವರೆಗೂ ಕಾಯಿ."

ಅವನು ಕಾದ. ತೂಗಿದ ಮೇಲೆ ಚೀಲದ ಬಾಯಿಗೆ ಎರಡು ಕುಣಿಕೆ ಹಾಕಿ, ಬಿಗಿಯಾಗಿ ಎಳೆದ.